ಅಕ್ಕ ಮಿಸ್ತ್ರಿ ಆದ ದಿನ

ಡೀಸೆಲ್ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ನೇಸರಿ ಊರಿನ ನಮ್ಮ ಮನೆಯಂಗಳದ ಒಂದು ಮಧ್ಯಾಹ್ನ ನೆನಪಾಗುತ್ತದೆ.

ನಾನು ಶಾಲೆಯಿಂದ ಬಂದಾಗ ಅಪ್ಪನ ಹಳೆಯ ಪಿಕಪ್‌ ಗಾಡಿಯ ಬಾನೆಟ್ ತೆರೆದಿತ್ತು. ಹಿಂದೆ ಹಾಲಿನ ಕ್ಯಾನುಗಳು ಒದ್ದೆ ಗೋಣಿಚೀಲ ಹೊದ್ದು ಕುಳಿತಿದ್ದವು. ಡೀಸೆಲ್ ಪೂರ್ತಿ ಖಾಲಿಯಾಗಿ ನಿಂತ ಗಾಡಿ, ಮತ್ತೆ ತುಂಬಿಸಿದರೂ ಚಾಲೂ ಆಗುತ್ತಿರಲಿಲ್ಲ.

“ಪೈಪಿನ್ಯಾಗ ಗಾಳಿ ಹೊಕ್ಕೈತಿ. ಫಿಲ್ಟರ್ ಮ್ಯಾಲಿನ ಪಂಪ್ ಒತ್ತವ್ವಾ,” ಎಂದು ಅಪ್ಪ ಅಕ್ಕನಿಗೆ ಹೇಳಿದ. ಅವಳು ಆ ವರ್ಷವೇ ಶಾಲೆ ಬಿಟ್ಟಿದ್ದಳು.

“ನಾನೂ ಒತ್ತತೀನಿ,” ಎಂದೆ.

“ನೀ ಬ್ಯಾಡ,” ಎಂದು ಅಪ್ಪ ನನ್ನ ಸಮವಸ್ತ್ರದತ್ತ ನೋಡಿದ. “ಶಾಲಿ ಅರಬಿ ಹೊಲಸ ಆಗತಾವ. ಹೋಗಿ ಅಭ್ಯಾಸ ಮಾಡು.”

ಅಕ್ಕ ಹೆಬ್ಬೆರಳಿನಿಂದ ಒತ್ತುತ್ತಲೇ ಇದ್ದಳು. ಅಪ್ಪ ಸಡಿಲಿಸಿದ ಸ್ಕ್ರೂ ಪಕ್ಕದಿಂದ ನೊರೆನೊರೆಯಾಗಿ ಡೀಸೆಲ್ ಉಕ್ಕಿತು. ನೊರೆ ನಿಂತ ಕೂಡಲೇ ಅವನು ಸ್ಕ್ರೂ ಬಿಗಿದು ಕೀಲಿ ತಿರುಗಿಸಿದ. ಗಾಡಿ ಎರಡು ಸಲ ಕೆಮ್ಮಿ, ಕಪ್ಪು ಹೊಗೆ ಬಿಟ್ಟು ಚಾಲೂ ಆಯಿತು.

“ನೋಡ ಬಾ, ನನ್ನ ಗಾಡಿ ಮಿಸ್ತ್ರಿನ್ನ!” ಎಂದು ಅಪ್ಪ ಅವ್ವನನ್ನು ಕೂಗಿದ. ನನ್ನ ಬಗ್ಗೆ ಅವನು ಎಂದೂ ಹಾಗೆ ಕೂಗಿರಲಿಲ್ಲ. ಅಕ್ಕ ಮುಂದಿನ ಸೀಟಿನಲ್ಲಿ ಕುಳಿತು ಡೇರಿಗೆ ಹೋದಳು. ಹೊಟ್ಟೆ ಉರಿದು ನನಗೆ ಅಳುವೇ ಬಂತು.

ಸಂಜೆ ಬಂದವಳು ನನ್ನ ಪಕ್ಕ ಕುಳಿತು ಮೆಲ್ಲಗೆ ಕೇಳಿದಳು: “ಶಾಲ್ಯಾಗ ಇವತ್ತ ಬಾಯಾರು ಏನ್ ಕಲಿಸಿದ್ರ?”

“ಹೇಳಂಗಿಲ್ಲ. ಮೊದಲ ನೀ ನನಗ ಪಂಪ್ ಒತ್ತೂದು ಕಲಿಸು.”

ಅಕ್ಕ ನನ್ನ ಹೆಬ್ಬೆರಳನ್ನು ತನ್ನ ಅಂಗೈಯಲ್ಲಿಟ್ಟು ಒತ್ತಿಸಿಕೊಂಡಳು. “ಹಿಂಗ. ಪಂಪ್ ಗಟ್ಟಿ ಆಗೂ ತನಕಾ ಬಿಡಬಾರದು.”

ಆಮೇಲೆ ಎರಡೂ ಕೈಗಳನ್ನು ಲಂಗಕ್ಕೆ ಚೆನ್ನಾಗಿ ಒರೆಸಿಕೊಂಡು, ನನ್ನ ಪುಸ್ತಕವನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು.