ನೀಲಗಂಗವ್ವನ ಹೆಸರಿಗೆ

ನೀಲಗಂಗವ್ವ ಕಂತ್ರಾಟುದಾರರ ಆಫೀಸಿನ ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದವಳು, ಪೇಢೆಯ ಪೊಟ್ಟಣವನ್ನು ಹುಮಾಳ ಕಂಪ್ಯೂಟರಿನ ಪಕ್ಕ ಇಟ್ಟಳು. "ಮೊದಲ ನೀ ತಿನ್ನವಾ. ಬ್ಯಾಡಗಿ ಕೋಲ್ಡ್ ಸ್ಟೋರೇಜಿನ ಪ್ಲಾಸ್ಟರ್ ನಮಗ ಕೊಟ್ರೆಲ್ಲ, ನಮ್ಮ ಮಂದಿ ಮುಂಜಾನೇನ ಸೈಟಿಗೆ ಇಳದಾರ. ಸಿಮೆಂಟ್ ಯಾವಾಗ ಕಳಸ್ತೀರಿ, ಕೇಳಾಕ ಬಂದ್ನಿ."

ಪೊಟ್ಟಣಕ್ಕೆ ಚಾಚಿದ್ದ ಕೈಯನ್ನು ಹುಮಾ ಹಿಂದಕ್ಕೆ ತೆಗೆದಳು. ಆ ಪ್ಲಾಸ್ಟರ್ ಕೆಲಸ ಹೋದ ವಾರವೇ ದಾವಣಗೆರೆಯವರ ಪಾಲಾಗಿತ್ತು. "ನಿಮಗ ಯಾರ್ ಹೇಳಿದ್ರು ಅಕ್ಕಾರ?"

ನೀಲಗಂಗವ್ವ ಮೊಬೈಲು ಮುಂದೆ ಹಿಡಿದಳು. 'ಅಭಿನಂದನೆಗಳು. ಶ್ರೀಮತಿ ನೀಲಗಂಗವ್ವ, ಐರಣಿ. ಬ್ಯಾಡಗಿ ಕೋಲ್ಡ್ ಸ್ಟೋರೇಜಿನ ಪ್ಲಾಸ್ಟರ್ ಕೆಲಸವನ್ನು ತಮಗೆ ವಹಿಸಲಾಗಿದೆ. ಸೋಮವಾರದಿಂದ ಆರಂಭಿಸತಕ್ಕದ್ದು.' ಆ ಮಾತುಗಳನ್ನು ಬರೆದವಳು ಹುಮಾಳೇ.

ಆಫೀಸಿಗೆ ಹೊಸ ಸಾಫ್ಟ್‌ವೇರ್ ಬಂದಿತ್ತು. ಕಟ್ಟಡದ ಕೆಲಸವನ್ನು ಪಾಯ, ಗೋಡೆ, ಪ್ಲಾಸ್ಟರ್, ವಾಯರಿಂಗ್ ಎಂದು ಬೇರೆ ಬೇರೆ ಬಿಡ್ ಪ್ಯಾಕೇಜುಗಳಾಗಿ ಒಡೆಯುವುದು, ನಕಾಶೆ ಹಚ್ಚಿ ದರ ಕರೆಯುವುದು, ಕೊನೆಗೆ ಒಬ್ಬರಿಗೆ ವಹಿಸುವುದು ಎಲ್ಲವೂ ಈಗ ಅದರಲ್ಲೇ. ಒಂದೊಂದನ್ನೂ ಕೈಯಿಂದ ತುಂಬುತ್ತ ಕೂರುವ ಬದಲು, ಅದರ ಎಪಿಐಗೆ, ಅಂದರೆ ಬೇರೆ ಪ್ರೋಗ್ರಾಮುಗಳಿಗೆಂದು ಇಟ್ಟ ಬಾಗಿಲಿಗೆ, ತನ್ನ ಪ್ರೋಗ್ರಾಮಿನಿಂದ ಅಪ್ಪಣೆ ಕೊಟ್ಟು ಮಾಡಿಸುವುದು ಹುಮಾಳ ಕೆಲಸ. ಎಲ್ಲ ಸರಿಯಾಗಿ ನಡೆಯುತ್ತದೋ ಇಲ್ಲವೋ ನೋಡಲೆಂದು ಹೋದ ವಾರ ಬ್ಯಾಡಗಿಯ ಪ್ಲಾಸ್ಟರಿನ ಹೆಸರಲ್ಲೇ ಒಂದು ಸುಳ್ಳು ಪ್ಯಾಕೇಜು ಮಾಡಿ, ಸುಳ್ಳು ದರ ಹಾಕಿ, ಪಟ್ಟಿಯಲ್ಲಿದ್ದ ಒಂದು ಹೆಸರಿಗೆ ವಹಿಸಿದ್ದಳು. ಪರೀಕ್ಷೆಯ ಖಾತೆಯಲ್ಲಿದ್ದೇನೆ ಅಂದುಕೊಂಡಿದ್ದಳು, ಇದ್ದದ್ದು ಅಸಲಿ ಖಾತೆಯಲ್ಲಿ. ಗೊತ್ತಾದ ಕೂಡಲೇ ಎಲ್ಲವನ್ನೂ ಅಳಿಸಿ ನಿಟ್ಟುಸಿರು ಬಿಟ್ಟಳು. ಅಷ್ಟರೊಳಗೆ ಐರಣಿಗೆ ಒಂದು ಮೆಸೇಜು ತಾನಾಗಿಯೇ ಹೋಗಿ ಮುಟ್ಟಿದೆ ಎಂಬುದು ಅವಳ ತಲೆಗೇ ಹೊಳೆಯಲಿಲ್ಲ.

ಮಾತು ಕೇಳಿಸಿಕೊಂಡು ಮಾಲೀಕ ಸಿದ್ದಲಿಂಗೇಶ ಹೊರಗೆ ಬಂದ. "ಅದು ಟೆಸ್ಟ್ ಮಾಡೂ ಮುಂದ ತಪ್ಪಿ ಬಂದೈತವಾ. ಅದನ್ನ ಹಿಡ್ಕೊಂಡು ಕುಂದ್ರಬ್ಯಾಡ."

"ನಾ ಫೋನ್ ಹಚ್ಚಿ ಕೇಳಿದ್ನೆಲ್ರಿ ಸಾಹೇಬ್ರ. ಈಗೆಲ್ಲಾ ಸಾಫ್ಟ್‌ವೇರಿನ್ಯಾಗ ಐತಿ, ಅದರಾಗ ಏನ ಬಂದೈತಿ ಅದ ಖರೇ ಅಂತ ನೀವ ಅಂದ್ರಿ."

ಸಿದ್ದಲಿಂಗೇಶ ಯಾರಿಗೋ ಫೋನು ಮಾಡುತ್ತ ಅಂಗಳಕ್ಕೆ ಇಳಿದು ಹೋದ.

ನೀಲಗಂಗವ್ವ ಕುರ್ಚಿ ಬಿಟ್ಟು ನೆಲದ ಮೇಲೆ ಕೂತಳು. "ನಮ್ಮ ಮನಿಯವ್ರು ತೀರಿಕೊಂಡ ಮ್ಯಾಲೆ ಅವರ ಗ್ಯಾಂಗೆಲ್ಲ ಒಡದು ಹೋಗಿತ್ತವಾ. ಹೆಣ್ಣಮಗಳ ಕೈಯಾಗ ಯಾರ್ ದುಡೀತಾರ ಅಂತ ಎಲ್ಲಾರೂ ಗೋವಾಕ್ಕ ಹೋದ್ರು. ಈ ಮೆಸೇಜ್ ತೋರಿಸೇ ಕರಿಸಿಕೊಂಡೇನಿ. ನಮ್ಮ ಮೈದುನ ಇದ್ದ ಕೆಲಸ ಬಿಟ್ಟು ಬಂದಾನ." ಹುಮಾಳತ್ತ ಮುಖ ಎತ್ತಿ ಕೇಳಿದಳು: "ಇಷ್ಟ ಮಂದಿ ಹೆಸರ ಇದ್ವು. ಟೆಸ್ಟ್ ಮಾಡಾಕ ನಂದ ಯಾಕ ತಗೊಂಡಿ?"

ಹುಮಾಳಿಗೆ ಉತ್ತರ ಗೊತ್ತಿತ್ತು. ಗಂಡ ಸತ್ತ ಈ ಹೆಂಗಸಿಗೆ ಹೇಗೂ ಯಾರೂ ಕೆಲಸ ಕೊಡುವುದಿಲ್ಲ, ಇವಳ ಹೆಸರಾದರೆ ಮುಂದೆ ಯಾವ ಗೊಂದಲವೂ ಇಲ್ಲ ಎಂದೇ ಆರಿಸಿದ್ದಳು. "ಹಂಗ ಕೈಗೆ ಸಿಕ್ತ್ರಿ" ಎಂದಳು.

"ಹಂಗಾರ ಒಂದ ಉಪಕಾರ ಮಾಡು. ಸೈಟಿಗೆ ಬಂದು ನೀನ ಹೇಳು. ನಾ ಹೇಳಿದ್ರ, ಈಕೀನ ಏನೋ ಕೆಡಿಸಿಕೊಂಡು ಬಂದ್ಲು ಅಂತಾರ."

ಹುಮಾಳ ಸ್ಕೂಟಿಯ ಹಿಂದೆ ಕೂತ ನೀಲಗಂಗವ್ವ ಮೋಟೆಬೆನ್ನೂರು ದಾಟಿದ ಮೇಲೆ, ತನಗೇ ಹೇಳಿಕೊಂಡಂತೆ ಅಂದಳು: "ನಿನ್ನಿ ಬಂದು ಗ್ವಾಡಿ ಎಲ್ಲಾ ಮುಟ್ಟಿ ನೋಡಿ ಹೋಗಿದ್ನಿ."

ಸೈಟಿನಲ್ಲಿ ಆಗಲೇ ಸಾರವೆಯ ಬಿದಿರು ನಿಂತಿತ್ತು. ಒಬ್ಬ ಉಸುಕು ಸಾಣಿಸುತ್ತಿದ್ದ. ಮೇಲೆ ಹಗ್ಗ ಬಿಗಿಯುತ್ತಿದ್ದ ಹಾಲಸಿದ್ದಪ್ಪ, ಅತ್ತಿಗೆಯನ್ನು ಕಂಡು ಕೆಳಗಿಳಿದ. ಹುಮಾ ಎಲ್ಲರ ಎದುರಿಗೆ ಇದ್ದದ್ದನ್ನು ಇದ್ದಂತೆ ಹೇಳಿದಳು. "ತಪ್ಪು ನಂದರಿ. ಅಕ್ಕಾರದ್ದು ಏನೂ ಇಲ್ಲ."

ಬೈಯುತ್ತಾರೆ ಅಂದುಕೊಂಡಿದ್ದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಹಾಲಸಿದ್ದಪ್ಪ ನಕ್ಕುಬಿಟ್ಟ. "ಹೆಣ್ಣಿನ ಹೆಸರಿಗೆ ಇಷ್ಟ ದೊಡ್ಡ ಕೆಲಸ ಅಂದಾಗನ ನನಗ ಅನಿಸಿತ್ತು. ನಾನೂ ಹುಚ್ಚಪ್ಯಾಲಿ, ಕುಣಕೋತ ಬಂದ್ನಿ." ಹಿಂದಕ್ಕೆ ತಿರುಗಿ ಕೂಗಿದ: "ಬಿಚ್ಚ್ರಿ ಎಲ್ಲಾ. ಲಗೂ ಏರಸ್ರಿ. ರಾಣೆಬೆನ್ನೂರಿಗೆ ಹೋದ್ರ ಗೋವಾ ಗಾಡಿ ಸಿಗತೈತಿ."

ಕಟ್ಟಿದ್ದಕ್ಕಿಂತ ಬೇಗ ಬಿಚ್ಚಿದರು. ಬಿದಿರು, ಕರಣಿ, ಅಡುಗೆಯ ಪಾತ್ರೆ ಎಲ್ಲ ಟೆಂಪೋ ಏರಿದವು. "ಅತ್ತಿಗಿ, ಬರ್ತಿಯೋ ಇಲ್ಲೇ ನಿಂದರ್ತಿಯೋ?" ಎಂದು ಹಾಲಸಿದ್ದಪ್ಪ ಒಂದೇ ಸಲ ಕೇಳಿದ. ನೀಲಗಂಗವ್ವ ಕದಲಲಿಲ್ಲ. ಟೆಂಪೋ ಧೂಳೆಬ್ಬಿಸಿ ರಸ್ತೆಗೆ ಹೊರಳಿತು.

"ಅಕ್ಕಾರ, ಮುಂದಿನ ಪ್ಯಾಕೇಜಿನ್ಯಾಗ ಸಾಹೇಬ್ರಿಗೆ ಹೇಳಿ ನಿಮ್ಮ ಹೆಸರ..."

"ಬ್ಯಾಡವಾ. ಇನ್ನ ಎಲ್ಲೂ ನನ್ನ ಹೆಸರ ಹಾಕಬ್ಯಾಡ."

ಅಷ್ಟರಲ್ಲಿ ದಾವಣಗೆರೆಯವರ ಜೀಪು ಬಂತು. ಅದರಿಂದಿಳಿದ ಸೂಪರ್‌ವೈಸರ್ ತನ್ನ ಆಳುಗಳಿಗೆ ಜಾಗ ತೋರಿಸಿ, ಒಂಟಿಯಾಗಿ ನಿಂತಿದ್ದ ನೀಲಗಂಗವ್ವನನ್ನು ಮೇಲಿಂದ ಕೆಳಗೆ ನೋಡಿದ. "ಏನಮ್ಮಾ, ಬುಟ್ಟಿ ಹೊರಾಕೆ ಹೆಣ್ಣಾಳು ಕಡಿಮೆ ಬಿದ್ದಾರೆ. ನಾಳೆಯಿಂದ ಬರ್ತೀಯೇನು?"

ಹುಮಾ ಏನೋ ಹೇಳಲು ಬಾಯಿ ತೆರೆದಳು. ಅವಳಿಗಿಂತ ಮೊದಲೇ ನೀಲಗಂಗವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ನಾಳೆ ಯಾಕ್ರಿ? ಇನ್ನಾ ಅರ್ಧ ದಿನ ಐತೆಲ್ಲ."