ಒಂದು ಹಿಡಿ ಊರಮಣ್ಣು

ತಮ್ಮೂರಿನ ಮಣ್ಣಿನ ಮೇಲೆ ಬರಿಗಾಲಲ್ಲಿ ನಿಂತರೆ ಮಾತ್ರ ಎಚ್‌ಐವಿ ಮಾತ್ರೆಯ ಪೆಟ್ಟಿಗೆ ತೆರೆದುಕೊಳ್ಳುತ್ತಿತ್ತು. ಹಾಗಾಗಿ ಬೆಂಗಳೂರಿಗೆ ದುಡಿಯಲು ಬಂದವರೆಲ್ಲ ಊರಿಂದ ಮಣ್ಣಿನ ಗಂಟು ತರುತ್ತಿದ್ದರು. ದ್ಯಾಮವ್ವನೂ ತಂದಿದ್ದಳು. ಗಂಟು ಕರಗುತ್ತ ಬಂದಾಗ, ಗಾರೆ ಕಲಸುವ ಕೈಯಲ್ಲವೇ, ಸೈಟಿನ ಮರಳನ್ನು ಎರಡು ಹಿಡಿ ಬೆರೆಸಿಬಿಟ್ಟಿದ್ದಳು.

ಆಸ್ಪತ್ರೆಯ ಸಾಲಿನಲ್ಲಿ ಅವಳ ಸರದಿ ಬಂದು, ಆ ಮಣ್ಣು ಸುರಿದು ಮೇಲೆ ನಿಂತಾಗ ಪೆಟ್ಟಿಗೆ ಕೆಂಪು ದೀಪ ತೋರಿಸಿತು.

“ಇದು ನಿಮ್ಮೂರ ಮಣ್ಣಲ್ಲಮ್ಮ. ಊರಿಗೆ ಹೋಗಿ ತಗೊಂಡ್ಬನ್ನಿ,” ಎಂದಳು ನರ್ಸ್.

“ಹೋಗಿ ಬರಾಕ ಮೂರು ದಿನ ಬೇಕ್ರಿ. ಗುಳಿಗಿ ನಿನ್ನೇನೇ ಮುಗದಾವ.”

“ಹಿಂದಿನವರು ಬನ್ನಿ.”

ದ್ಯಾಮವ್ವ ಕದಲಲಿಲ್ಲ. ಊರ ಹೆಸರು ಹೇಳಿ ಕೂಗಿದರೆ ಮಣ್ಣು ಸಿಕ್ಕೀತು, ಗುಟ್ಟೂ ರಟ್ಟಾದೀತು. ಸೆರಗನ್ನು ಮೂಗಿನವರೆಗೂ ಎಳೆದುಕೊಂಡು ಸಾಲಿನತ್ತ ತಿರುಗಿದಳು.

“ಗಡ್ಡಿಹಾಳದವ್ರು ಯಾರರ ಅದೀರೇನ್ರಿ?”

ಸಾಲು ತಲೆ ತಗ್ಗಿಸಿತು. ಮುಖಕ್ಕೆ ಸೆರಗು ಸುತ್ತಿಕೊಂಡ ಹೆಂಗಸೊಬ್ಬಳು ಸಾಲಿನ ಕೊನೆಯಿಂದ ಗಂಟು ಹಿಡಿದು ಬಂದಳು. ಆ ಸೀರೆ ದ್ಯಾಮವ್ವನಿಗೆ ಗೊತ್ತು. ಹಲ್ಲುನೋವೆಂದು ಬೆಳಿಗ್ಗೆ ಶೆಡ್ಡಿನಿಂದ ಹೊರಟಿದ್ದ ತಂಗಿ, ಹುಲಿಗೆವ್ವ.

“ಸಂತಿಗೆ ಹೊಂಟೀನಿ ಅಂತ ಹೇಳಿದ್ದಿಯಲ್ಲ ಅಕ್ಕ,” ಎನ್ನುತ್ತ ಹುಲಿಗೆವ್ವ ಅವಳ ಪಾದದ ಬುಡಕ್ಕೆ ಮಣ್ಣು ಸುರಿದಳು. “ನಿಂದ್ರು. ಇಬ್ರಿಗೂ ಸಾಕಾಗ್ತದ.”