ಉಬ್ಬು ದಾಟದ ಕಾರು

ಕಾರಿನ ಹಿಂದಿನ ಸೀಟನ್ನು ಎತ್ತಿ ಅವಳು ಕೈ ಒಳಗೆ ತೂರಿಸಿದಳು. ಪೆಟ್ರೋಲ್ ಪಂಪಿಗೆ ಹೋಗುವ ವೈರು ಬೆರಳಿಗೆ ಸಿಕ್ಕಿತು. ಅದನ್ನು ಪೂರ್ತಿ ಬಿಚ್ಚಲಿಲ್ಲ. ಸಡಿಲ ಮಾಡಿ, ಕಚ್ಚಿಕೊಂಡಂತೆ ಕಾಣುವ ಹಾಗೆ ಬಿಟ್ಟಳು. ಸಮತಟ್ಟಾದ ರಸ್ತೆಯಲ್ಲಿ ಕಾರು ಓಡುತ್ತದೆ. ಮೊದಲ ಉಬ್ಬು ಹತ್ತಿದರೆ ಸಾಕು, ನಿಂತುಬಿಡುತ್ತದೆ.

ಉಳಿದವರೆಲ್ಲ ಪ್ರದರ್ಶನಕ್ಕೆ ಬರುವ ಅತಿಥಿಗಳಿಗೆ ಕುರ್ಚಿ ಹಾಕುವ ಗಡಿಬಿಡಿಯಲ್ಲಿದ್ದರು. ಅವಳು ಸೀಟನ್ನು ಒತ್ತಿ ಕೂರಿಸಿ, ಶೆಡ್ಡಿಗೆ ಬೀಗ ಹಾಕಿ ಹೊರಗೆ ಬಂದಳು. ಈ ಘಳಿಗೆಗಾಗಿಯೇ ಅವಳು ಈ ಕಾರ್ಖಾನೆಗೆ ಸೇರಿದ್ದಳು.

ಅದು ಮೂತಿಯಿಂದ ಬಾಲದವರೆಗೆ ದೇಶದೊಳಗೇ ತಯಾರಾದ ಕಾರು. ಹೊರಗಿನ ನಕ್ಷೆಯಿಲ್ಲ, ಹೊರಗಿನ ಎಂಜಿನ್ನಿಲ್ಲ. ಗಂಡ, ಹೆಂಡತಿ, ಮಕ್ಕಳು, ಅಜ್ಜಿ, ಎಲ್ಲರೂ ಹಾಯಾಗಿ ಕೂರಬಹುದಾದ ಸಂಸಾರದ ಕಾರು ಎಂದು ಮಾಲೀಕ ಕಂಡಕಂಡವರ ಮುಂದೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಅದರ ಮುಖ್ಯ ಎಂಜಿನಿಯರ್ ಅವಳ ಚಿಕ್ಕಪ್ಪ.

ಅವಳು ಚಿಕ್ಕವಳಿದ್ದಾಗ ಇದೇ ಕಾರ್ಖಾನೆ ಇಂಥದ್ದೇ ಇನ್ನೊಂದು ಕಾರನ್ನು ಕಟ್ಟಿತ್ತು. ಆಗ ಮುಖ್ಯ ಎಂಜಿನಿಯರ್ ಅವಳ ಅಪ್ಪ. ತಮ್ಮನನ್ನು ಕೆಲಸಕ್ಕೆ ಸೇರಿಸಿ, ಕೈಹಿಡಿದು ಕಲಿಸಿದ್ದೂ ಅಪ್ಪನೇ. ಪ್ರದರ್ಶನದ ದಿನ ಆ ಕಾರು ಅತಿಥಿಗಳ ಎದುರೇ ಕೆಮ್ಮಿ, ಕುಲುಕಿ, ನಿಂತುಹೋಯಿತು. ಅಪ್ಪ ಅದನ್ನು ಕೈಯಿಂದ ತಳ್ಳಿಕೊಂಡು ಹೋದ. ಜನ ನಕ್ಕರು.

ಅವತ್ತು ಬೆಳಿಗ್ಗೆ ಅಪ್ಪನ ಜೊತೆ ಬಂದಿದ್ದ ಅವಳು ಕಂಬದ ಮರೆಯಿಂದ ಒಂದು ನೋಟ ಕಂಡಿದ್ದಳು. ಚಿಕ್ಕಪ್ಪ ಆ ಕಾರಿನ ಟ್ಯಾಂಕಿಗೆ ಸಕ್ಕರೆ ಸುರಿಯುತ್ತಿದ್ದ. ಮನೆಗೆ ಹೋದ ಮೇಲೆ ಅಪ್ಪನಿಗೆ ಹೇಳಿದಳು. ಅಪ್ಪನ ಮುಖ ಬಿಳಿಚಿತು.

“ನೀನು ಏನೂ ನೋಡಿಲ್ಲ ಪುಟ್ಟಿ. ಯಾರಿಗೂ ಹೇಳಬೇಡ.”

ಅಪ್ಪನ ಕೆಲಸ ಹೋಯಿತು. ಆ ಕುರ್ಚಿಯಲ್ಲಿ ಚಿಕ್ಕಪ್ಪ ಕೂತ. ಅಪ್ಪ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡಿಕೊಂಡು ಸಂಸಾರ ತೂಗಿಸಿದ. ಕೊನೆಗೂ ಮಗಳು ಬಾಯಿಬಿಟ್ಟ ಮೇಲೆ ಅಮ್ಮ ಮೈದುನನಿಗೆ ಹಿಡಿಶಾಪ ಹಾಕದ ದಿನವಿರಲಿಲ್ಲ. ಆಗೆಲ್ಲ ಅಪ್ಪ ಸುಮ್ಮನೆ ಎದ್ದು ಹೊರಗೆ ಹೋಗುತ್ತಿದ್ದ. ಸಾಯುವ ತನಕ ತಮ್ಮನ ಮೇಲೆ ಒಂದು ಕೆಟ್ಟ ಮಾತೂ ಆಡಲಿಲ್ಲ. ಆ ಒಳ್ಳೆಯತನವೇ ಅವಳ ಹೊಟ್ಟೆಯಲ್ಲಿ ಕೆಂಡವಾಗಿತ್ತು.

ಅವಳು ಓದಿ, ವೈರಿಂಗ್ ವಿಭಾಗದ ಎಂಜಿನಿಯರ್ ಆಗಿ ಬಂದಾಗ ಚಿಕ್ಕಪ್ಪ ಮರುಮಾತಿಲ್ಲದೆ ಸೇರಿಸಿಕೊಂಡ. ಅವಳು ಅವನನ್ನು ‘ಸರ್’ ಎಂದೇ ಕರೆದಳು, ಒಮ್ಮೆಯೂ ‘ಚಿಕ್ಕಪ್ಪ’ ಎನ್ನಲಿಲ್ಲ. ಅವನೂ ಕೇಳಲಿಲ್ಲ. ಕೆಲಸಗಾರರು ಬೆನ್ನ ಹಿಂದೆ ಅವನನ್ನು ‘ಗುಮ್ಮನ ಗುಸುಕ’ ಎನ್ನುತ್ತಿದ್ದರು. ಹೆಸರು ಸರಿಯಾಗಿಯೇ ಇದೆ ಎಂದುಕೊಂಡಿದ್ದಳು.

ಈಚೆಗೆ ಅವನಿಗೂ ಮಾಲೀಕನಿಗೂ ಮುಚ್ಚಿದ ಬಾಗಿಲ ಹಿಂದೆ ಜೋರು ಮಾತು ನಡೆದಿತ್ತು. ಇನ್ನೂ ದೊಡ್ಡ ಹುದ್ದೆ ಕೇಳಿರಬೇಕು, ಆಸೆಬುರುಕ. ಅಂದಿನಿಂದ ಮಾಲೀಕ ಅವನನ್ನು ಪಕ್ಕದಿಂದ ಕದಲಗೊಡುತ್ತಿರಲಿಲ್ಲ. ಹೋದಲ್ಲಿ ಬಂದಲ್ಲಿ ಇಬ್ಬರು ಆಳುಗಳು ಅವನ ಹಿಂದೆ. ಏನು ಮರ್ಯಾದೆ ಎಂದು ಅವಳು ಹಲ್ಲು ಕಡಿದಿದ್ದಳು.

ಇವತ್ತು ಬೆಳಿಗ್ಗೆ ಮಾಲೀಕನ ಎದುರೇ ಚಿಕ್ಕಪ್ಪ ಶೆಡ್ಡಿನ ಬೀಗದ ಕೈಯನ್ನು ಅವಳ ಅಂಗೈಯಲ್ಲಿಟ್ಟಿದ್ದ. “ನಮ್ಮಣ್ಣನ ಮಗಳು. ಕಾರನ್ನ ಕೊನೇ ಸಲ ಇವಳೊಬ್ಬಳು ನೋಡಿದರೆ ನನಗೆ ನಿಶ್ಚಿಂತೆ.”

ಮುದುಕನಿಗೆ ಅರಳುಮರಳು ಎಂದು ಅವಳು ಒಳಗೊಳಗೇ ನಕ್ಕಿದ್ದಳು.

ಕಾರು ಹೊರಟಿತು. ಚಪ್ಪಾಳೆ ಬಿತ್ತು. ಮೊದಲ ಸುತ್ತು ಮುಗಿಸಿ ಬಂದ ಮೇಲೆ ಮುಖ್ಯ ಅತಿಥಿಯ ಹೆಂಡತಿ ಮಕ್ಕಳು ಅದರಲ್ಲಿ ಕೂರುವುದೆಂದು ನಿಶ್ಚಯವಾಗಿತ್ತು. ಸುತ್ತು ಮುಗಿಯಲೇ ಇಲ್ಲ. ಉಬ್ಬು ಹತ್ತಿದ ಕಾರು ಅಲ್ಲೇ ತಣ್ಣಗಾಯಿತು. ಡ್ರೈವರ್ ಕೀ ತಿರುಗಿಸಿದ, ಮತ್ತೆ ತಿರುಗಿಸಿದ. ಯಾರೋ ಕಿಸಕ್ಕನೆ ನಕ್ಕರು. ನಗು ಸಾಲಿನಿಂದ ಸಾಲಿಗೆ ಹಬ್ಬಿತು.

ಚಿಕ್ಕಪ್ಪ ವೇದಿಕೆಯಿಂದ ಇಳಿದು, ಅಂಗಿಯ ತೋಳು ಮಡಚಿ, ಕಾರನ್ನು ತಳ್ಳತೊಡಗಿದ. ಅಪ್ಪ ತಳ್ಳಿದ ಹಾಗೆಯೇ. ಅವಳು ಕಣ್ತುಂಬ ನೋಡಿದಳು. ಆದರೆ ಅವನ ಮುಖದಲ್ಲಿ ಅವಮಾನವಿರಲಿಲ್ಲ. ತಲೆಯ ಮೇಲಿನ ಹೊರೆ ಇಳಿಸಿದವನಂತಿದ್ದ.

ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದ, ತಪ್ಪು ತನ್ನದೇ, ಈ ಕಾರಿನ ಒಂದು ತಿರುಪನ್ನೂ ಬಿಡದೆ ಬಿಚ್ಚಿ ನೋಡಬೇಕು, ತಾನು ಕೆಲಸ ಬಿಡುತ್ತೇನೆ ಎಂದು. ಅಷ್ಟು ಜನರ ಮುಂದೆ ಮಾಲೀಕ ಹೂಂ ಎನ್ನದೆ ವಿಧಿಯಿರಲಿಲ್ಲ.

ಗೆದ್ದರೂ ಅವಳಿಗೆ ರುಚಿಸಲಿಲ್ಲ. ಹೊಡೆದವರು ಯಾರೆಂದು ಅವನಿಗೆ ತಿಳಿಯದಿದ್ದರೆ ಅದೆಂಥ ಸೇಡು? ನೇರ ಅವನ ಕೋಣೆಗೆ ನುಗ್ಗಿ ಬಾಗಿಲು ಹಾಕಿದಳು. ಅವನು ಮೇಜಿನ ಮೇಲಿನ ಸಾಮಾನು ಚೀಲಕ್ಕೆ ತುಂಬುತ್ತಿದ್ದ.

“ವೈರು ಸಡಿಲ ಮಾಡಿದ್ದು ನಾನು, ಸರ್. ಅಪ್ಪನಿಗೆ ನೀವು ಮಾಡಿದ್ದಕ್ಕೆ.”

ಅವನು ತಲೆ ಎತ್ತಲಿಲ್ಲ. “ಗೊತ್ತಮ್ಮ. ನೀನು ‘ಸರ್’ ಅಂದ ದಿನವೇ ನಿನ್ನ ಮನಸ್ಸು ತಿಳೀತು. ಇಲ್ಲದಿದ್ದರೆ ಬೀಗದ ಕೈ ನಿನಗ್ಯಾಕೆ ಕೊಡ್ತಿದ್ದೆ? ಎಲ್ಲಿ ಮನಸ್ಸು ಬದಲಾಯಿಸ್ತೀಯೋ ಅಂತ ಭಯ ಇತ್ತು, ಅಷ್ಟೇ.”

ಅವನು ತಣ್ಣಗೆ ಹೇಳುತ್ತ ಹೋದ. ವೇಗದಲ್ಲಿ ತಿರುಗಿಸಿದರೆ ಈ ಕಾರಿನ ಸ್ಟಿಯರಿಂಗ್ ಕಳಚಿಕೊಳ್ಳುತ್ತದೆ. ಮಾಲೀಕನ ಕಾಲು ಹಿಡಿದರೂ ಕೇಳಲಿಲ್ಲ. ಇವತ್ತು ಕಾರು ಓಡಿದ್ದರೆ ನಾಳೆಯಿಂದ ಅಂಥವೇ ಸಾವಿರಾರು ಬೀದಿಗಿಳಿಯುತ್ತಿದ್ದವು, ಒಳಗೆ ಮಕ್ಕಳು ಮರಿ ತುಂಬಿಕೊಂಡು. ತಾನೇ ಕೆಡಿಸಿಬಿಡೋಣವೆಂದರೆ ಆ ಇಬ್ಬರು ಆಳುಗಳು ಕಾರಿನ ಹತ್ತಿರ ಸುಳಿಯಗೊಡಲಿಲ್ಲ.

“ಈಗ ಪೂರ್ತಿ ಬಿಚ್ಚಲೇಬೇಕು. ಬಿಚ್ಚಿದರೆ ಎಲ್ಲರ ಕಣ್ಣಿಗೂ ಬೀಳುತ್ತೆ.”

ಅವಳು ಮೇಜಿನ ಹತ್ತಿರ ಬಂದಳು. “ಹಾಗಾದ್ರೆ ಅವತ್ತಿನ ಸಕ್ಕರೆ? ನಾನು ಕಣ್ಣಾರೆ ನೋಡಿದೀನಿ, ಚಿಕ್ಕಪ್ಪ.”

ಅವನು ಮೊದಲ ಸಲ ಅವಳನ್ನು ದಿಟ್ಟಿಸಿದ.

“ಸುರಿದಿದ್ದು ನಾನೇ. ಆ ಕಾರಿಗೆ ಬ್ರೇಕು ಹಿಡೀತಿರಲಿಲ್ಲ, ಆಗಲೂ ಈ ಮಾಲೀಕ ಕೇಳಲಿಲ್ಲ. ಇಬ್ಬರೂ ಹೊರಗೆ ಬಿದ್ದರೆ ಮುಂದಿನ ಕಾರನ್ನ ತಡೆಯೋರು ಯಾರು ಅಂತ ಅಣ್ಣ ನನ್ನ ಬಾಯಿಗೆ ಬೀಗ ಹಾಕಿಸಿದ.”

ಚೀಲ ಹೆಗಲಿಗೇರಿಸಿ, ಬಾಗಿಲ ಬಳಿ ನಿಂತು ಅವನು ಹೇಳಿದ: “ಸಕ್ಕರೆ ಪೊಟ್ಟಣ ನನ್ನ ಕೈಗೆ ಕೊಟ್ಟು ಕಳಿಸಿದ್ದು ನಿಮ್ಮಪ್ಪ.”